ಮೂರನೆಯ ನೆನಪೋಲೆ

ಹೆಲೆನಾ, ಮೊಂಟಾನಾ. ಮಾರ್ಚಿ ಹನ್ನೊಂದು.
ಹೀಟರು ಗೊರಕೆ ಹೊಡೆಯುತ್ತಿದೆ, ಕಿಟಕಿಯಾಚೆ ಕೊಳಕು ಹಿಮ.
ವರ್ನಾ ಸ್ಕಾಗೆನ್ ಹೆಬ್ಬೆರಳಿಗೆ ರಬ್ಬರು ಟೊಪ್ಪಿಗೆ ತೊಡಿಸಿ
ಕಡತ ಬಿಚ್ಚಿದಳು: ಟಿನ್ ಕಪ್ ಕಣಿವೆಯ ಬೆಂಕಿ,
ಎರಡು ವರುಷ ಏಳು ತಿಂಗಳ ಬಾಕಿ.

"ಮಾನ್ಯರೇ" ಎಂದು ಬರೆದಳು. ಅಳಿಸಿದಳು.
ಮತ್ತೆ "ಮಾನ್ಯರೇ" ಎಂದೇ ಬರೆದಳು.
ಇಲಾಖೆಯ ಮಾದರಿಯಲ್ಲಿ ಬೇರೆ ಪದವಿಲ್ಲ.

ಸಿಡಿಲು ಬಿದ್ದದ್ದು ನಿಮ್ಮ ಕಾಡಿಗೆ,
ವಾಷಿಂಗ್ಟನ್ನಿನ ನಕ್ಷೆಯಲ್ಲಿ ಹಸಿರು ಬಳಿದ ಚೌಕಕ್ಕೆ.
ನಮ್ಮ ಹುಡುಗರು ಹತ್ತಿರವಿದ್ದರು. ಹೋದರು.
ಬೆಂಕಿ ಸರ್ವೆಕಲ್ಲು ಓದುವುದಿಲ್ಲ,
ಪೈಪು ಹಿಡಿದು ಓಡುವವನೂ ಓದುತ್ತ ನಿಲ್ಲುವುದಿಲ್ಲ.
"ಮೊದಲು ಆರಿಸಿ, ಲೆಕ್ಕ ಆಮೇಲೆ" ಅಂದಿರಿ ಫೋನಿನಲ್ಲಿ.
ಆ ಆಮೇಲೆ ಎಂಬುದು ಯಾವ ತಾರೀಖಿಗೆ ಬೀಳುತ್ತದೆ,
ಅದೊಂದು ತಿಳಿಸಿ.

ಬುಲ್ಡೋಜರು, ನೂರಾ ತೊಂಬತ್ತು ತಾಸು.
ಹೆಲಿಕಾಪ್ಟರಿನದು ಪ್ರತ್ಯೇಕ ಪುಟ.
ಬಾಡಿಗೆಯ ಹೇಸರಗತ್ತೆ ಎರಡು, ಒಂದರ ಹೆಸರು ಡಚೆಸ್
(ಹೆಸರು ಯಾಕೆ ಬರೆದರೋ, ಬರೆದಿದ್ದಾರೆ).
ಇರ್ಮಾ ಪೊಕಾರ್ನಿಯ ಹೋಟೆಲಿನಿಂದ
ದಿನಕ್ಕೆ ಮುನ್ನೂರ ಹನ್ನೆರಡು ಸ್ಯಾಂಡ್‌ವಿಚ್ಚು, ಹದಿನಾರು ದಿನ.
ಹಂದಿಮಾಂಸ ಮುಗಿದ ಮೇಲೆ ಬರೀ ಚೀಸು,
ಚೀಸೂ ಮುಗಿದ ಮೇಲೆ ಶೇಂಗಾ ಬೆಣ್ಣೆ.
ಅವಳಿಗೆ ನಾವು ಅದೇ ವಾರ ಕೊಟ್ಟೆವು.
ಕೌಂಟರಿನ ಹಿಂದೆ ನಿಲ್ಲುವವಳು, ಮುಖ ನೋಡಬೇಕಲ್ಲ.
ನಿಮ್ಮ ಮುಖ ನಾನು ನೋಡಿಲ್ಲ, ನನ್ನದು ನೀವು ನೋಡಿಲ್ಲ.
ಅದಕ್ಕೇ ಇರಬೇಕು
ಬಾಕಿ ಉಳಿಸಿಕೊಳ್ಳುವುದು ಇಷ್ಟು ಸಲೀಸು.

ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ.
ಅವಳಿಗೆ ತಿಳಿಯದ ನುಡಿಯ ಗಾದೆ ಇದು;
ಸಂಗತಿ ಮಾತ್ರ ಚೆನ್ನಾಗಿ ಗೊತ್ತು.

ಮೊದಲ ಓಲೆಗೆ ಉತ್ತರ ಬಂದಿರಲಿಲ್ಲ.
ಎರಡನೆಯದಕ್ಕೆ ಬಂತು, ಒಂದೇ ಸಾಲು:
ಪುಟ ಅರವತ್ತೊಂದು. ಸಹಿ ಸ್ಪಷ್ಟವಿಲ್ಲ. ಮರಳಿ ಸಲ್ಲಿಸಿ.

ಅರವತ್ತೊಂದು, ತಂಡದ ಮುಂದಾಳು ಟೋಬಿನ್ ಆಸ್ಟ್‌ಲಂಡನದು.
ಕಳೆದ ಶನಿವಾರ ಸ್ವಂತ ಪೆಟ್ರೋಲು ಸುಟ್ಟು
ನೂರಾ ಹತ್ತು ಮೈಲಿ ಹೋಗಿದ್ದಳು.
ಟೈರಿನಂಗಡಿಯಲ್ಲಿದ್ದ. ಎಡಗೈಯಿಂದಲೇ ನಟ್ಟು ಬಿಚ್ಚುತ್ತಿದ್ದ.
ಬಲಗೈಯ ಮೂರು ಬೆರಳು ಒಂದಕ್ಕೊಂದು ಅಂಟಿ
ಅಚ್ಚಿನಲ್ಲಿ ತಪ್ಪಿ ಎರಕವಾದ ಚಮಚದ ಹಾಗೆ.

ಹಳೆಯ ಪುಟ ನೋಡಿ ನಕ್ಕ.
"ಬ್ಯಾಂಡೇಜಿನ ಮೇಲೇ ಪೆನ್ನು ಕಟ್ಟಿ ಗೀಚಿದ್ದು, ತಾಯೀ.
ಈ ಕೈ ಬರೆದದ್ದು ಅದೇ ಕೊನೆ."
ಆಮೇಲೆ ಕೇಳಿದ: "ಕತ್ತೆಯ ಬಾಡಿಗೆ ಕೊಟ್ಟರಾ?"
"ನಾವು ಕೊಟ್ಟೆವು."
"ಅವರು?"
ಅವಳು ಫಾರಮ್ಮು ಮುಂದಿಟ್ಟಳು.
ಅವನು ನಾಲಿಗೆ ತುಟಿಯಂಚಿಗೆ ಒತ್ತಿ, ಎಡಗೈಯಿಂದ,
ಒಂದನೆಯ ಇಯತ್ತೆಯ ಹುಡುಗನ ಹಾಗೆ
ಒಂದೊಂದೇ ಅಕ್ಷರ ನಿಲ್ಲಿಸಿದ.
ಗ್ರೀಸಿನ ಹೆಬ್ಬೆಟ್ಟೂ ಬಿತ್ತು ಮೂಲೆಗೆ, ಕೇಳದೆ.

ಈಗ ಸಹಿ ಸ್ಪಷ್ಟವಿದೆ.
ಆದರೆ ಹಳೆಯದಕ್ಕೆ ತಾಳೆಯಾಗುವುದಿಲ್ಲ.
ಆ ಉತ್ತರವೂ ಅವಳಿಗೆ ಬಾಯಿಪಾಠ,
ಬರುವ ತಿಂಗಳನ್ನೂ ಹೇಳಬಲ್ಲಳು: ಅಕ್ಟೋಬರು,
ಅಷ್ಟರಲ್ಲಿ ಇನ್ನೊಂದು ಬೇಸಗೆ
ಇನ್ನೊಂದು ಕಣಿವೆಯಲ್ಲಿ ಉರಿದಿರುತ್ತದೆ.
ಹೊಸ ಕಡತಕ್ಕೆ ದಾರ ಈಗಲೇ ಪೋಣಿಸಿಟ್ಟಿದ್ದಾಳೆ.

ಲಕೋಟೆ ಅಂಟಿಸಿ, ಕೋಟು ತೊಟ್ಟು,
ಮೂರು ಬೀದಿ ನಡೆದು ಅಂಚೆ ಕಚೇರಿಗೆ ಹೋದಳು.
ಅದೂ ಅವರದೇ, ಮೇಲೆ ಅವರದೇ ಹದ್ದು.
ಕಿಟಕಿಯ ಹುಡುಗ ಲಕೋಟೆ ತಕ್ಕಡಿಗಿಟ್ಟ,
ರಿಜಿಸ್ಟರ್ಡಾ ಎಂದ, ಮೊತ್ತ ಹೇಳಿದ.

"ಇಲಾಖೆಯ ಖಾತೆಗೆ ಬರೆದುಕೊಳ್ಳಬಹುದಾ?"

"ಇಲ್ಲ ಮೇಡಂ," ಅಂದ, ಬಹಳ ವಿನಯದಿಂದ.
"ಇಲ್ಲಿ ಎಲ್ಲರೂ ಮೊದಲೇ ಕೊಡಬೇಕು."